ಸ್ವಿಟ್ಜರ್ಲೆಂಡ್‌ನಲ್ಲಿ ಜನ ಸಹಿ ಹಾಕಿ ಕಾನೂನನ್ನೇ ತಡೆಯಬಹುದಂತೆ, ಅದು ನಿಜಕ್ಕೂ ಹೇಗೆ ನಡೆಯುತ್ತದೆ?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಕ್ಕನ ಮನೆಗೆ ಅಂತ ವಿಂಟರ್‌ಥೂರ್‌ಗೆ ಹೋಗಿದ್ದೆ, ಜ್ಯೂರಿಕ್ ಹತ್ತಿರದ ಊರು. ಭಾವನಿಗೆ ಅಲ್ಲಿನ ಪೌರತ್ವ ಸಿಕ್ಕಿದೆ. ಒಂದು ದಿನ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಒಳಗೆ ಮತಪತ್ರಗಳು, ಜೊತೆಗೆ ಕೆಂಪು ರಕ್ಷಾಪುಟದ ಪುಟ್ಟ ಪುಸ್ತಕ. ರಾತ್ರಿ ಊಟ ಆದ ಮೇಲೆ ಭಾವ ಆ ಪುಸ್ತಕ ಓದಿ, ಅಕ್ಕನ ಜೊತೆ ಅರ್ಧ ಗಂಟೆ ವಾದ ಮಾಡಿ, ಪೆನ್ನು ತಗೊಂಡು ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಅಂತ ಬರೆದು ಲಕೋಟೆ ಅಂಟಿಸಿದರು. ಅಭ್ಯರ್ಥಿ ಇಲ್ಲ, ಚಿಹ್ನೆ ಇಲ್ಲ. ದೇಶದ ಈ ಕಾನೂನು ಬೇಕಾ, ಊರಿನ ಶಾಲೆ ಕಟ್ಟಡಕ್ಕೆ ಇಷ್ಟು ದುಡ್ಡು ಕೊಡಬಹುದಾ, ಬರೀ ಇಂಥ ಪ್ರಶ್ನೆಗಳು. ವರ್ಷಕ್ಕೆ ನಾಲ್ಕು ಸಲದವರೆಗೂ ಹೀಗೆ ಬರುತ್ತದಂತೆ.

ಬೆಂಗಳೂರಿಗೆ ವಾಪಸ್ ಬಂದು ಒಂದು ವಾರ ಆಗಿರಲಿಲ್ಲ. ನಮ್ಮ ರಸ್ತೆಯ ಮರಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದಾರೆ. 1ರಿಂದ 72ರವರೆಗೆ. ರಸ್ತೆ ಅಗಲ ಮಾಡುತ್ತಾರಂತೆ. ಯಾರು ತೀರ್ಮಾನಿಸಿದರು, ಯಾವಾಗ, ಒಬ್ಬರಿಗೂ ಗೊತ್ತಿಲ್ಲ. ನಮ್ಮ ಮನೆ ಮುಂದಿನ ಹೊಂಗೆಗೆ 41 ಅಂತ ಬರೆದಿದ್ದಾರೆ, ಅದನ್ನು ನಮ್ಮಪ್ಪ ನೆಟ್ಟಿದ್ದು.

ಅದಕ್ಕೇ ಕೇಳುತ್ತಿದ್ದೇನೆ. ಅಲ್ಲಿನ ಜನಮತಗಣನೆಗೆ ನಿಜವಾದ ಬಲ ಇದೆಯಾ, ಅಥವಾ ಸುಮ್ನೆ ಅಭಿಪ್ರಾಯ ಕೇಳಿ ಪಕ್ಕಕ್ಕಿಡುತ್ತಾರಾ? ಅಷ್ಟೊಂದು ವಿಷಯ ಸಾಮಾನ್ಯ ಜನಕ್ಕೆ ಅರ್ಥ ಆಗುತ್ತಾ? ನಮ್ಮ ದೇಶದಲ್ಲಿ ಇದು ಯಾಕಿಲ್ಲ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.


ಆರೆದಂಡೆ:

ನಾನು ಬರ್ನ್‌ನಲ್ಲಿ ಒಂಬತ್ತು ವರ್ಷ ಇದ್ದೆ, ಈಗ ಬನಶಂಕರಿ. ಮೊದಲನೇ ಪ್ರಶ್ನೆಗೆ ಉತ್ತರ: ಪೂರ್ತಿ ಬಲ ಇದೆ. ಜನ ಬೇಡ ಅಂದರೆ ಆ ಕಾನೂನು ಜಾರಿಗೆ ಬರುವುದಿಲ್ಲ, ಅಷ್ಟೇ.

ಮೂರು ದಾರಿ ಇವೆ. ಸಂವಿಧಾನ ತಿದ್ದಬೇಕಾದರೆ ಜನರ ಮುಂದೆ ಹೋಗಲೇಬೇಕು, ಯಾರೂ ಕೇಳಬೇಕಾಗಿಲ್ಲ. ಸಂಸತ್ತು ಮಾಮೂಲಿ ಕಾನೂನು ಮಾಡಿದರೆ ಅದು ಪ್ರಕಟವಾದ ದಿನದಿಂದ 100 ದಿನ ಸಮಯ ಇರುತ್ತದೆ. ಆ 100 ದಿನದಲ್ಲಿ 50,000 ಮತದಾರರ ಸಹಿ ಸೇರಿಸಿದರೆ ಕಾನೂನು ಅಲ್ಲೇ ನಿಲ್ಲುತ್ತದೆ, ಮತಕ್ಕೆ ಹೋಗುತ್ತದೆ. ಇದು 1874ರಿಂದ ಇದೆ. ಮೂರನೆಯದು ಜನರೇ ಸಂವಿಧಾನಕ್ಕೆ ಹೊಸ ಮಾತು ಸೇರಿಸಿ ಅಂತ ಮುಂದಿಡುವುದು, 18 ತಿಂಗಳಲ್ಲಿ 1,00,000 ಸಹಿ ಬೇಕು, 1891ರಲ್ಲಿ ಬಂದದ್ದು. ಈ ಮೂರನೆಯದರಲ್ಲಿ ಹತ್ತಕ್ಕೆ ಒಂಬತ್ತು ಸೋಲುತ್ತವೆ. ಎಲ್ಲರಿಗೂ ಆರು ವಾರ ರಜೆ ಕೊಡಿ ಅಂತ 2012ರಲ್ಲಿ ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಎಲ್ಲರಿಗೂ ಸರ್ಕಾರವೇ ತಿಂಗಳ ಆದಾಯ ಕೊಡಲಿ ಅನ್ನುವುದು 2016ರಲ್ಲಿ ಬಂತು, ಅದನ್ನೂ 76.9% ಜನ ತಳ್ಳಿಹಾಕಿದರು. ಹಾಗಂತ ತಮಗೆ ಲಾಭ ಇರುವುದನ್ನೆಲ್ಲ ಬೇಡ ಅನ್ನುವ ಸಂತರು ಅಂದುಕೊಳ್ಳಬೇಡಿ, 2024ರ ಮಾರ್ಚ್‌ನಲ್ಲಿ ವರ್ಷಕ್ಕೆ 13ನೇ ತಿಂಗಳ ಪಿಂಚಣಿ ಬೇಕು ಅಂತ ಗೆಲ್ಲಿಸಿಕೊಂಡರು.

ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಉದಾಹರಣೆ ಎಲೆಕ್ಟ್ರಾನಿಕ್ ಗುರುತಿನ ಚೀಟಿಯದು, ನಮ್ಮ ಆಧಾರ್‌ಗೆ ಹತ್ತಿರದ ವಿಷಯ ಅನ್ನಿ. 2019ರಲ್ಲಿ ಸಂಸತ್ತು ಕಾನೂನು ಮಾಡಿತು. ಚೀಟಿ ಕೊಡುವ ಕೆಲಸ ಖಾಸಗಿ ಕಂಪನಿಗಳದ್ದು ಅಂತ ಅದರಲ್ಲಿತ್ತು. ಜನ ಸಹಿ ಸೇರಿಸಿದರು. 2021ರ ಮಾರ್ಚ್ 7ರಂದು ಮತ ಆಯಿತು, 64.4% ಬೇಡ. ಬರ್ನ್‌ನಲ್ಲಿ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತರೆ ತಿಂಗಳುಗಟ್ಟಲೆ ಇದೇ ಮಾತು, ಚೀಟಿಯೇ ಬೇಡ ಅಂತ ಯಾರೂ ಅನ್ನಲಿಲ್ಲ, ನನ್ನ ಗುರುತನ್ನು ಕಂಪನಿ ಯಾಕೆ ಇಟ್ಟುಕೊಳ್ಳಬೇಕು ಅಂತಲೇ ಎಲ್ಲರೂ ಕೇಳುತ್ತಿದ್ದದ್ದು. ಸರ್ಕಾರ ಮತ್ತೆ ಕೂತು ಬೇರೆ ಕಾನೂನು ಬರೆಯಿತು. ಈ ಸಲ ಸರ್ಕಾರವೇ ಕೊಡುತ್ತದೆ, ಬೇಕಾದವರು ಮಾತ್ರ ಪಡೆಯಬಹುದು, ದುಡ್ಡಿಲ್ಲ. ಅದಕ್ಕೂ ಸಹಿ ಬಿತ್ತು, ಅದೂ ಮತಕ್ಕೆ ಹೋಯಿತು, 2025ರ ಸೆಪ್ಟೆಂಬರ್ 28ರಂದು 50.4% ಹೌದು ಅಂದು ಕೂದಲೆಳೆಯಲ್ಲಿ ಗೆದ್ದಿತು.

ಮತ ಹಾಕುವ ಭಾನುವಾರಕ್ಕಿಂತ ಆ 100 ದಿನವೇ ದೊಡ್ಡದು ಅಂತ ನನಗೆ ಅನ್ನಿಸಿದ್ದು ಆಗ. ಯಾರಾದರೂ ಸಹಿ ಸೇರಿಸಿಬಿಡಬಹುದು ಅನ್ನುವ ಅಂಜಿಕೆ ಇರುವುದರಿಂದ ಸಂಸತ್ತಿನವರು ಕಾನೂನು ಬರೆಯುವಾಗಲೇ ರೈತರನ್ನು, ಕಾರ್ಮಿಕ ಸಂಘಗಳನ್ನು, ಕ್ಯಾಂಟನ್‌ಗಳನ್ನು, ಅಂದರೆ ನಮ್ಮ ರಾಜ್ಯಗಳಂಥ ಅಲ್ಲಿನ ಪ್ರಾಂತ್ಯಗಳನ್ನು, ಕರೆದು ಕೇಳುತ್ತಾರೆ. ಹೆಚ್ಚಿನ ಕಾನೂನುಗಳಿಗೆ ಯಾರೂ ಸಹಿ ಸೇರಿಸುವುದೇ ಇಲ್ಲ.

ಒಂದು ಬೇಜಾರಿನ ವಿಷಯವನ್ನೂ ಹೇಳಬೇಕು. ಅಲ್ಲಿರುವವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ನನ್ನ ಹಾಗೆ ವಿದೇಶಿಯರು. ತೆರಿಗೆ ಕಟ್ಟುತ್ತಿದ್ದೆ, ಮಗಳು ಅಲ್ಲೇ ಶಾಲೆಗೆ ಹೋಗುತ್ತಿದ್ದಳು, ಆದರೆ ಆ ಲಕೋಟೆ ನಮ್ಮ ಮನೆಗೆ ಒಂದು ದಿನವೂ ಬರಲಿಲ್ಲ.


ಕೊನೆಬೆಂಚಿನಟೀಚರ್:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು, ಒಂದು ಮಾತು ಹೇಳದೆ ಇರಲಾರೆ. ಸ್ವಿಟ್ಜರ್ಲೆಂಡ್ ಬಗ್ಗೆ ಮಾತಾಡುವವರು ಇದನ್ನು ಯಾವಾಗಲೂ ಕೊನೆಗೆ, ಅವಸರದಲ್ಲಿ ಹೇಳಿ ಮುಗಿಸುತ್ತಾರೆ.

ಹೆಂಗಸರಿಗೆ ಮತ ಕೊಡಬೇಕಾ ಅಂತ ಆ ದೇಶದಲ್ಲಿ 1959ರಲ್ಲಿ ಜನಮತಗಣನೆ ಆಯಿತು. ಮತ ಹಾಕಿದವರು ಯಾರು? ಗಂಡಸರು ಮಾತ್ರ. ಸುಮಾರು 67% ಬೇಡ ಅಂದರು. ಮತ್ತೆ ಹನ್ನೆರಡು ವರ್ಷ ಕಾದು 1971ರ ಫೆಬ್ರವರಿ 7ರಂದು ಅದೇ ಗಂಡಸರು ಹೂಂ ಅಂದ ಮೇಲೆ ದೇಶದ ಮಟ್ಟದಲ್ಲಿ ಹೆಂಗಸರಿಗೆ ಮತ ಬಂತು. ಆಪೆನ್‌ಜೆಲ್ ಇನ್ನರ್‌ರೋಡನ್ ಅನ್ನುವ ಪುಟ್ಟ ಕ್ಯಾಂಟನ್ ಆಗಲೂ ಒಪ್ಪಲಿಲ್ಲ. ಅಲ್ಲಿ ಊರಿನವರೆಲ್ಲ ಮೈದಾನದಲ್ಲಿ ಸೇರಿ ಕೈ ಎತ್ತಿ ತೀರ್ಮಾನ ಮಾಡುವ ಪದ್ಧತಿ, ನೋಡಲು ಬಹಳ ಚಂದ. 1990ರಲ್ಲೂ ಆ ಗಂಡಸರು ಕೈ ಎತ್ತಿ ಬೇಡ ಅಂದರು. ಕೊನೆಗೆ ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು.

ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ದೇಶದ ಮೊದಲ ಚುನಾವಣೆಯಲ್ಲಿ, ಅಂದರೆ 1952ರಲ್ಲಿ, ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಮತ ಹಾಕಿದ್ದಳು. ಯಾವ ಗಂಡಸಿನ ಒಪ್ಪಿಗೆಯನ್ನೂ ಕೇಳಬೇಕಾಗಿ ಬರಲಿಲ್ಲ. ಸಂವಿಧಾನ ಬರೆದವರು ಅದನ್ನು ಮತಕ್ಕೆ ಹಾಕಲಿಲ್ಲ. ಹಾಕಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ. ಅಸ್ಪೃಶ್ಯತೆ ನಿಷೇಧವನ್ನು ಆಗ ಊರೂರಲ್ಲಿ ಮತಕ್ಕೆ ಹಾಕಿದ್ದರೆ?

2009ರಲ್ಲಿ ಮಸೀದಿಗಳಿಗೆ ಮಿನಾರ್ ಕಟ್ಟಬಾರದು ಅಂತ ಅಲ್ಲಿ 57.5% ಜನ ಮತ ಹಾಕಿದರು. ಆಗ ಇಡೀ ದೇಶದಲ್ಲಿ ಇದ್ದದ್ದು ನಾಲ್ಕು ಮಿನಾರ್. ಸರ್ಕಾರವೂ ಸಂಸತ್ತೂ ಇದು ಬೇಡ ಅಂತಲೇ ಹೇಳಿದ್ದವು. ಆದರೂ ಅದು ಈಗ ಅವರ ಸಂವಿಧಾನದಲ್ಲಿದೆ.

ಮರದ ವಿಷಯಕ್ಕೆ, ಶಾಲೆ ಕಟ್ಟಡದ ವಿಷಯಕ್ಕೆ ಜನರನ್ನು ಕೇಳಲಿ, ಕೇಳಲೇಬೇಕು. ಆದರೆ ಕಡಿಮೆ ಜನ ಇರುವವರ ಹಕ್ಕನ್ನು ಜಾಸ್ತಿ ಜನ ಇರುವವರ ಕೈಗೆ ಕೊಡಬಾರದು. ಹೊಂಗೆನೆರಳು ಅವರೇ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ ಎಲ್ಲವನ್ನೂ ಮತಕ್ಕೆ ಹಾಕಿ ಅನ್ನುವ ಮೊದಲು ಇದೆಲ್ಲ ಮನಸ್ಸಿನಲ್ಲಿರಲಿ.


ಶರಾವತಿಸೀಮೆ:

ಟೀಚರ್ ಹೇಳಿದ ಕಡಿಮೆ ಜನರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ನಾನು ಸಾಗರದ ಕಡೆಯವನು, ಹೊಟ್ಟೆಪಾಡಿಗೆ ಬೆಂಗಳೂರು.

ಸಂವಿಧಾನ ತಿದ್ದುಪಡಿಗೆ ಅಲ್ಲಿ ಜನರ ಬಹುಮತ ಮಾತ್ರ ಸಾಲದು. ಕ್ಯಾಂಟನ್‌ಗಳ ಬಹುಮತವೂ ಬೇಕು. ಒಟ್ಟು 26 ಕ್ಯಾಂಟನ್, ಅದರಲ್ಲಿ ಆರಕ್ಕೆ ಅರ್ಧ ಅರ್ಧ ಮತ, ಹಾಗಾಗಿ ಲೆಕ್ಕ 23. ಜ್ಯೂರಿಕ್‌ನಲ್ಲಿ 15 ಲಕ್ಷ ದಾಟಿ ಜನ ಇದ್ದಾರೆ, ಊರಿ ಅನ್ನುವ ಬೆಟ್ಟದ ಕ್ಯಾಂಟನ್‌ನಲ್ಲಿ 40,000 ಕೂಡ ಇಲ್ಲ. ಎರಡಕ್ಕೂ ಒಂದೊಂದು ಮತ. ವಿದೇಶಗಳಲ್ಲಿ ತಪ್ಪು ಮಾಡುವ ತಮ್ಮ ಕಂಪನಿಗಳನ್ನು ಇಲ್ಲೇ ಹೊಣೆ ಮಾಡಬೇಕು ಅಂತ 2020ರ ನವೆಂಬರ್‌ನಲ್ಲಿ ಒಂದು ಮತ ಆಯಿತು. ಜನರಲ್ಲಿ 50.7% ಹೌದು ಅಂದರು. ಆದರೆ ಹೆಚ್ಚಿನ ಕ್ಯಾಂಟನ್‌ಗಳು ಬೇಡ ಅಂದವು. ಬಿದ್ದುಹೋಯಿತು. ಅದು ನ್ಯಾಯವಾ ಅಂತ ಅಲ್ಲಿ ಇವತ್ತಿಗೂ ಜಗಳ ಇದೆ.

ನನಗೆ ಮಾತ್ರ ಇದು ಸರಿ ಅನ್ನಿಸುತ್ತದೆ, ಯಾಕೆ ಅಂತ ಹೇಳುತ್ತೇನೆ. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿ ನೀರನ್ನು ಬೆಂಗಳೂರಿಗೆ ತರುವ ಮಾತು ಎದ್ದಿತು. ನಮ್ಮ ಕಡೆ ಬಂದ್ ಆಯಿತು, ಮೆರವಣಿಗೆ ಆಯಿತು. ಆ ನೀರಿಗಾಗಿ ನಮ್ಮ ಅಜ್ಜನ ಗದ್ದೆ, ತೋಟ, ಮನೆ ಎಲ್ಲ ಮುಳುಗಿದ್ದು 1964ರಲ್ಲಿ. ಆಗಲೂ ಕರೆಂಟ್ ನಾಡಿಗೆ ಬೇಕು ಅಂತ ಹೇಳಿ ಎಬ್ಬಿಸಿದರು, ಮುಳುಗಡೆಯವರಲ್ಲಿ ಎಷ್ಟೋ ಮನೆಗಳಿಗೆ ಭೂಮಿಯ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಈಗ ಬೆಂಗಳೂರಿಗೆ ಶರಾವತಿ ನೀರು ಬೇಕಾ ಅಂತ ಇಡೀ ರಾಜ್ಯದಲ್ಲಿ ಮತ ಹಾಕಿಸಿ ತಲೆ ಎಣಿಸಿದರೆ ಏನಾಗುತ್ತದೆ? 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ, ಇಡೀ ಶಿವಮೊಗ್ಗ ಜಿಲ್ಲೆಯಲ್ಲಿ 17 ಲಕ್ಷ. ನಮ್ಮನ್ನು ಕೇಳಿದಂತೆಯೂ ಆಗುತ್ತದೆ, ನಮ್ಮ ಮಾತು ನಡೆಯದಂತೆಯೂ ಆಗುತ್ತದೆ. ಅದಕ್ಕಿಂತ ಕೇಳದೆ ಇರುವುದೇ ವಾಸಿ, ಕಡೇಪಕ್ಷ ನೀವೇ ಒಪ್ಪಿದ್ದಿರಲ್ಲ ಅನ್ನುವ ಮಾತು ನಮ್ಮ ಮೇಲೆ ಬರುವುದಿಲ್ಲ.

ಯಾರನ್ನು ಕೇಳುತ್ತೀರಿ, ಹೇಗೆ ಎಣಿಸುತ್ತೀರಿ ಅನ್ನುವುದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.


ಕರಿಕೋಟು:

ವಕೀಲ. ಮೂರನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ನಮ್ಮಲ್ಲಿ ಯಾಕಿಲ್ಲ ಅನ್ನುವುದು.

ನಮ್ಮ ಸಂವಿಧಾನದಲ್ಲಿ ದೇಶದ ಮಟ್ಟದ ಜನಮತಗಣನೆಗೆ ಜಾಗವೇ ಇಲ್ಲ. ತರಲು ಒಂದು ಪ್ರಯತ್ನ ನಡೆದಿತ್ತು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಬಂದ ಜನತಾ ಸರ್ಕಾರ 1978ರಲ್ಲಿ ಒಂದು ತಿದ್ದುಪಡಿ ಮಸೂದೆ ತಂದಾಗ, ಸಂವಿಧಾನದ ಮೂಲ ಲಕ್ಷಣಗಳನ್ನು ಬದಲಿಸಬೇಕಾದರೆ ಜನರನ್ನೇ ಕೇಳಬೇಕು ಅಂತ ಅದರಲ್ಲಿ ಸೇರಿಸಿತ್ತು. ರಾಜ್ಯಸಭೆ ಆ ಭಾಗವನ್ನು ಒಪ್ಪಲಿಲ್ಲ. ಮಿಕ್ಕದ್ದು 44ನೇ ತಿದ್ದುಪಡಿ ಆಗಿ ಬಂತು.

ಆದರೆ ಭಾರತದಲ್ಲಿ ಜನರನ್ನು ಕೇಳಿದ್ದೇ ಇಲ್ಲ ಅಂತಲ್ಲ. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕಾ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕಾ ಅಂತ 1967ರ ಜನವರಿ 16ರಂದು ಅಲ್ಲಿ ಮತ ಆಯಿತು. ಅದಕ್ಕೆಂದೇ ಸಂಸತ್ತು ಒಂದು ಕಾನೂನು ಮಾಡಿತ್ತು. ಸೇರಬೇಕು ಅನ್ನುವವರಿಗೆ ಹೂವಿನ ಚಿಹ್ನೆ, ಬೇಡ ಅನ್ನುವವರಿಗೆ ಎರಡು ಎಲೆ. ಎಲೆ ಸುಮಾರು 34,000 ಮತದಿಂದ ಗೆದ್ದಿತು. ಇವತ್ತು ನಾವು ಕಾರವಾರ ದಾಟಿ ಹೋಗುವ ಗೋವಾ ಬೇರೆ ರಾಜ್ಯವಾಗಿ ಇರುವುದಕ್ಕೆ ಆ ಎಲೆಯೇ ಕಾರಣ. ಭಾರತಕ್ಕೆ ಸೇರಬೇಕಾ ಅಂತ ಸಿಕ್ಕಿಂನಲ್ಲಿ 1975ರಲ್ಲಿ ಆಯಿತು. ಇನ್ನು 2013ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕಾ ಅಂತ ಅಲ್ಲಿನ ಗ್ರಾಮಸಭೆಗಳನ್ನೇ ಕೇಳಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹನ್ನೆರಡು ಹಳ್ಳಿಗಳಲ್ಲಿ ಸಭೆ ಆಯಿತು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ.

ಒಂದು ವ್ಯತ್ಯಾಸ ಗಮನಿಸಿ. ಸ್ವಿಟ್ಜರ್ಲೆಂಡ್‌ನಲ್ಲಿ ಸಂಸತ್ತು ಮಾಡಿದ ಕಾನೂನನ್ನು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ರದ್ದು ಮಾಡುವಂತಿಲ್ಲ. ತಡೆಯುವ ಕೆಲಸ ಜನರದ್ದು. ನಮ್ಮಲ್ಲಿ ಆ ಕೆಲಸವನ್ನು ಕೋರ್ಟಿಗೆ ಕೊಟ್ಟಿದ್ದೇವೆ. ಆರೆದಂಡೆ ಅವರು ಹೇಳಿದ ಗುರುತಿನ ಚೀಟಿ ವಿಷಯವನ್ನೇ ತಗೊಳ್ಳಿ. ಅಲ್ಲಿ ಸಾವಿರಾರು ಜನ ಸಹಿ ಹಾಕಿದರು. ಇಲ್ಲಿ ಆಧಾರ್ ಅನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಬೆಂಗಳೂರಿನವರೇ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಅನ್ನುವ 2017ರ ಒಂಬತ್ತು ನ್ಯಾಯಾಧೀಶರ ತೀರ್ಪು ಬಂದದ್ದು ಅವರ ಅರ್ಜಿಯಿಂದ. ಅವರನ್ನು ನೆನೆದರೆ ನನಗೆ ಹೆಮ್ಮೆ ಆಗುತ್ತದೆ. ಜೊತೆಗೆ ನೋವೂ ಆಗುತ್ತದೆ, ಕೋಟ್ಯಂತರ ಜನರ ವಿಷಯವನ್ನು ಕೇಳಲು ಆ ವಯಸ್ಸಿನ ಒಬ್ಬರು ಮುಂದೆ ಬರಬೇಕಾಯಿತಲ್ಲ ಅಂತ.

ಈಗ ನಿಮ್ಮ ಮರಗಳ ವಿಷಯ. ಇಲ್ಲಿ ಕಾನೂನು ನಿಮ್ಮ ಕೈಬಿಟ್ಟಿಲ್ಲ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಕಡಿಯಬೇಕಾದರೆ ಮರ ಅಧಿಕಾರಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ನಿಮ್ಮದು 72. ಮೊದಲು ಆ ಪ್ರಕಟಣೆ ಹೊರಬಿದ್ದಿದೆಯಾ ನೋಡಿ. ಆಕ್ಷೇಪಣೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.


ಹೊಂಗೆನೆರಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕರಿಕೋಟು ಸರ್, ಪ್ರಕಟಣೆ ಸಿಕ್ಕಿತು. ಆಕ್ಷೇಪಣೆಗೆ ಇನ್ನೂ ಆರು ದಿನ ಇದೆ. ನೀವು ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಟೀಚರ್ ಮೇಡಂ, 1959ರದ್ದು ನನಗೆ ಗೊತ್ತಿರಲಿಲ್ಲ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅಕ್ಕನಿಗೆ ಫೋನ್ ಮಾಡಿ ಕೇಳಿದರೆ, ಪಕ್ಕದ ಮನೆಯ ಅಜ್ಜಿಗೆ ಮೊದಲ ಸಲ ಮತ ಹಾಕುವಾಗ ಇಬ್ಬರು ಮಕ್ಕಳಿದ್ದರಂತೆ, ಇವತ್ತಿಗೂ ಆ ಕೋಪ ಹೋಗಿಲ್ಲ ಅಂದಳು.

ಒಂದು ಅನುಮಾನ ಉಳಿದಿದೆ. ಆ ಕೆಂಪು ಪುಸ್ತಕ ಬರೆಯುವುದು ಸರ್ಕಾರ ಅಲ್ವಾ? ಸರ್ಕಾರ ತನಗೆ ಬೇಕಾದ ಹಾಗೆ ಬರೆದರೆ?


ಆರೆದಂಡೆ:

ಒಳ್ಳೆ ಪ್ರಶ್ನೆ. ಸರ್ಕಾರವೇ ಅಚ್ಚು ಹಾಕಿಸುತ್ತದೆ, ಆದರೆ ಸಹಿ ಸೇರಿಸಿದವರ ವಾದಕ್ಕೂ ಅದರಲ್ಲಿ ಪುಟ ಇರುತ್ತದೆ, ಅವರದೇ ಮಾತಿನಲ್ಲಿ. ಎದುರಾಳಿಯ ಮಾತನ್ನು ಸರ್ಕಾರವೇ ಮನೆ ಮನೆಗೆ ಕಳಿಸಬೇಕು. ನನಗೆ ಆ ಪದ್ಧತಿ ಬಹಳ ಇಷ್ಟ.

ತಪ್ಪೂ ಆಗಿದೆ. ಮದುವೆಯಾದ ಜೋಡಿಗಳು ಕಟ್ಟುವ ಹೆಚ್ಚಿನ ತೆರಿಗೆಯನ್ನು ತೆಗೆಯಬೇಕಾ ಅಂತ 2016ರ ಫೆಬ್ರವರಿಯಲ್ಲಿ ಮತ ಇತ್ತು. ದುಡಿಯುವ ಜೋಡಿಗಳಲ್ಲಿ ಇದರಿಂದ ತೊಂದರೆ ಆಗುತ್ತಿರುವುದು 80,000 ಜೋಡಿಗೆ ಅಂತ ಸರ್ಕಾರ ಹೇಳಿತ್ತು. 50.8% ಬೇಡ ಅಂದು ಅದು ಬಿದ್ದುಹೋಯಿತು. ಆಮೇಲೆ ನೋಡಿದರೆ ನಿಜವಾದ ಲೆಕ್ಕ 4,54,000 ಜೋಡಿ. ಕೋರ್ಟಿಗೆ ಹೋಯಿತು. 2019ರ ಏಪ್ರಿಲ್‌ನಲ್ಲಿ ಕೋರ್ಟ್ ಆ ಮತವನ್ನೇ ರದ್ದು ಮಾಡಿತು, ದೇಶದ ಮಟ್ಟದ ಮತವನ್ನು ರದ್ದು ಮಾಡಿದ್ದು ಅದೇ ಮೊದಲು. ಜನರ ಮುಂದೆ ಇಟ್ಟ ಅಂಕಿ ಸುಳ್ಳಾಗಿದ್ದರೆ ಆ ಮತಕ್ಕೆ ಬೆಲೆ ಇಲ್ಲ ಅಂತ ಒಂದು ದೇಶ ಒಪ್ಪಿಕೊಂಡಿತು.

ಇನ್ನು ಜನಕ್ಕೆ ಅರ್ಥ ಆಗುತ್ತಾ ಅಂತ ಮೊದಲು ಕೇಳಿದ್ದಿರಿ. ಎಲ್ಲರೂ ಎಲ್ಲ ಸಲವೂ ಮತ ಹಾಕುವುದಿಲ್ಲ, ಸಾಮಾನ್ಯವಾಗಿ ಅರ್ಧದಷ್ಟು ಜನ. ತಮಗೆ ತಟ್ಟುವ ವಿಷಯ ಬಂದಾಗ ಓದುತ್ತಾರೆ. 1992ರಲ್ಲಿ ಯುರೋಪಿನ ಆರ್ಥಿಕ ವಲಯಕ್ಕೆ ಸೇರಬೇಕಾ ಅಂತ ಕೇಳಿದಾಗ 78% ಜನ ಬಂದಿದ್ದರು.


ಹೊಂಗೆನೆರಳು:

ಇದನ್ನು ಓದಿದ ಮೇಲೆ ನಾವು ನಾಲ್ಕು ಮನೆಯವರು ಕೂತು ಒಂದು ಕೆಲಸ ಶುರು ಮಾಡಿದ್ದೇವೆ. ನಮ್ಮ ರಸ್ತೆಗೆ ಎರಡು ಪುಟದ ಹಾಳೆ. ಮೊದಲ ಪುಟದಲ್ಲಿ ರಸ್ತೆ ಯಾಕೆ ಅಗಲ ಆಗಬೇಕು ಅಂತ. ಆಂಬುಲೆನ್ಸ್ ಸಿಕ್ಕಿಕೊಳ್ಳುವುದು ನಿಜ, ಶಾಲೆ ಬಿಡುವ ಹೊತ್ತಿಗೆ ಮಕ್ಕಳು ವಾಹನಗಳ ನಡುವೆ ನಡೆಯುವುದು ನಿಜ. ಅದನ್ನೆಲ್ಲ ಬರೆದಿದ್ದೇವೆ, ರಸ್ತೆ ಬೇಕು ಅನ್ನುವ ಮೂಲೆ ಅಂಗಡಿಯ ಅಣ್ಣನಿಂದಲೇ ಬರೆಸಿದೆವು. ಎರಡನೇ ಪುಟದಲ್ಲಿ ಮರ ಯಾಕೆ ಉಳಿಯಬೇಕು ಅಂತ, ಅದು ನನ್ನದು. ಅಪ್ಪನ ಮಾತು ಬರೆದು ಹೊಡೆದುಹಾಕಿದೆ, ಆಮೇಲೆ ಮತ್ತೆ ಬರೆದೆ.

ಹಿಂದಿನ ಬೀದಿಯ ಬಾಡಿಗೆ ಮನೆಗಳವರನ್ನು ಮರೆತಿದ್ದೆವು. ಆರೆದಂಡೆ ಅವರ ಮನೆಗೆ ಬಾರದ ಲಕೋಟೆ ನೆನಪಾಗಿ ಅವರನ್ನೂ ಸೇರಿಸಿದೆವು. ಒಟ್ಟು 118 ಮನೆ.


ಕೊನೆಬೆಂಚಿನಟೀಚರ್:

ಹಾಳೆಯನ್ನು ಇಲ್ಲಿ ಹಾಕಿ, ಕಾಗುಣಿತ ನಾನು ನೋಡಿಕೊಡುತ್ತೇನೆ. ಓದಲು ಬಾರದವರ ಮನೆಗೆ ಒಬ್ಬರು ಹೋಗಿ ಎರಡೂ ಪುಟ ಓದಿ ಹೇಳಬೇಕು, ಒಂದೇ ಪುಟ ಓದಿ ಬರಬಾರದು. ಭಾನುವಾರ ನನಗೆ ಬಿಡುವಿದೆ. ಎಷ್ಟು ಗಂಟೆಗೆ ಬರಲಿ?